ಹಲ್ಲು ನೋಡಿ ಎತ್ತು, ಕಾಗದ ನೋಡಿ ಕಾರು

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿನಿ)

ನನ್ನ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಸಂಕ್ರಾಂತಿಯ ಹೊತ್ತಿಗೆ ನಮ್ಮ ಚಡಚಣದ ಸಂಗಮೇಶ್ವರ ಜಾತ್ರೆಯಲ್ಲಿ ದನದ ಪೇಟೆ ಕೂಡಿತೆಂದರೆ ನಾಲ್ಕು ಜನ ಅವರನ್ನು ಕರೆಯಲು ಬರುತ್ತಾರೆ. ಖಿಲಾರಿ ಹೋರಿಯ ಬಾಯಿಗೆ ಕೈ ಹಾಕಿ, ತುಟಿ ಎತ್ತಿ ಹಲ್ಲು ನೋಡಿ, ಅದರ ವಯಸ್ಸನ್ನು ಅವರು ಹೇಳಬಲ್ಲರು. ಹಾಲುಹಲ್ಲು ಬಿದ್ದು ಎರಡು ಹಲ್ಲು ಮೂಡಿದ್ದರೆ ಎರಡು-ಎರಡೂವರೆ ವರ್ಷ. ನಾಲ್ಕಾದರೆ ಮೂರರ ಸುಮಾರು. ಆರಾದರೆ ನಾಲ್ಕರ ಹತ್ತಿರ. ಎಂಟೂ ಮೂಡಿ ಬಾಯಿಗೂಡಿದರೆ ಐದರ ಹತ್ತಿರ. ಆಮೇಲೆ ಹಲ್ಲು ಸವೆದುದನ್ನು ನೋಡಿ ಲೆಕ್ಕ. ಅಷ್ಟಕ್ಕೇ ಅವರು ಸುಮ್ಮನಾಗುವುದಿಲ್ಲ. ಹೆಗಲು ಮುಟ್ಟಿ ಬಾವು ಉಂಟೋ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಯಿಸುತ್ತಾರೆ. ಮಾರುವವನು ಕೊಂಬಿಗೆ ಬಣ್ಣ ಬಳಿದು ಗೊಂಡೆ ಕಟ್ಟಿದ್ದರೆ ಆ ಕಡೆ ಅವರ ಕಣ್ಣೇ ಹೋಗದು.

ಇಂತಹ ಜಾಣರ ಮನೆಯಲ್ಲಿಯೇ ಒಂದು ಹಳೆಯ ಕಾರಿನ ವ್ಯವಹಾರದಲ್ಲಿ ಮೋಸವಾಯಿತು. ಎತ್ತಿಗೆ ಹಲ್ಲುಂಟು, ಕಾರಿಗೆ ಹಲ್ಲಿಲ್ಲ. ಕಾರಿನ ಹಲ್ಲು ಕಾಗದದಲ್ಲಿದೆ ಎಂಬುದು ನಮಗಾರಿಗೂ ಹೊಳೆಯಲಿಲ್ಲ. ಆ ಪಾಠವನ್ನು ನಾವು ಹಣ ಕೊಟ್ಟು ಕಲಿತೆವು. ನನ್ನ ಸಹಪಾಠಿಗಳಲ್ಲಿ ಬಹುಜನರು ನನ್ನಂತೆ ಮನೆಯ ಮೊದಲನೆಯ ಓದುಗರು. ನಾಳೆ ಅವರ ಮನೆಯಲ್ಲಿಯೂ ಇಂತಹ ಪ್ರಸಂಗ ಬಂದೀತು. ಅವರು ಹಣ ಕೊಡದೆ ಕಲಿಯಲಿ ಎಂಬುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ನಡೆದುದನ್ನು ಹೇಳುತ್ತೇನೆ. ನಾನು ಪಿ. ಯು. ಸಿ. ಎರಡನೆಯ ವರ್ಷದಲ್ಲಿದ್ದಾಗಿನ ಮಾತು. ನಮ್ಮ ಆಯಿಗೆ ಆಗಲೇ ತಿಂಗಳಿಗೆ ಎರಡು ಸಲ ಸೋಲಾಪುರದ ದವಾಖಾನೆಗೆ ಹೋಗುವುದು ಬಂದಿತ್ತು. ಪ್ರತಿ ಸಲ ಬಾಡಿಗೆ ಗಾಡಿಗೆ ಕೊಡುವುದರ ಬದಲು ಒಂದು ಹಳೆಯ ಕಾರು ಕೊಂಡರೆ ಮನೆಗೂ ಆಯಿತು, ಬಿಡುವಿದ್ದಾಗ ಬಾಡಿಗೆಗೂ ಆಯಿತು ಎಂದು ಕಾಕಾ ಲೆಕ್ಕ ಹಾಕಿದರು. ಲಿಂಬೆಯ ತೋಟದಿಂದ ಬಂದ ಹಣ, ಕಾಕುವಿನ ಎರಡು ಬಳೆ, ಎಲ್ಲ ಕೂಡಿಸಿ 1,85,000 ರೂಪಾಯಿಗಳಾದವು. ಭೀಮೆಯ ಆಚೆಯಿಂದ ಒಬ್ಬರು ಗಾಡಿ ತಂದರು. ನಂಬರು ಎಂ. ಎಚ್. 13, ಅಂದರೆ ಸೋಲಾಪುರದ್ದು. ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು.

"ಗಾಡಿ ಭಾಳ ಛಲೋ ಅದ ಕಾಕಾ. ಕಾಗದಪತ್ರ ಎಲ್ಲಾ ಕ್ಲಿಯರ್ ಅವ" ಎಂದು ತಂದವರು ಹೇಳಿದರು. ಸ್ಟಾಂಪಿನ ಬಾಂಡ್ ಮೇಲೆ ಬರೆದು, ಇಬ್ಬರು ಸಾಕ್ಷಿಗಳು ಸಹಿ ಮಾಡಿದರು. ಆರ್. ಸಿ. ಕಾರ್ಡು ಕೈಗೆ ಬಂತು. ಕಾಕಾ ಅದನ್ನು ಕಣ್ಣಿಗೆ ಒತ್ತಿಕೊಂಡು ದೇವರ ಮುಂದೆ ಇಟ್ಟರು. ಆ ಹೊತ್ತಿಗೆ ನಾನು ಅಡಿಗೆಮನೆಯಲ್ಲಿ ಬಂದವರಿಗೆ ಚಹಾ ಸೋಸುತ್ತಿದ್ದೆ. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಓದಬಲ್ಲವಳು ನಾನೊಬ್ಬಳೇ. ಆದರೆ ವ್ಯವಹಾರದಲ್ಲಿ ಹೆಣ್ಣುಹುಡುಗಿಯನ್ನು ಕರೆಯುವ ರೂಢಿ ನಮ್ಮಲ್ಲಿ ಇರಲಿಲ್ಲ; ನಾನೂ ಹೋಗಿ "ತೋರಿಸ್ರಿ" ಎನ್ನಲಿಲ್ಲ.

ಐದು ತಿಂಗಳಾದ ಮೇಲೆ, ಆಯಿಯನ್ನು ಕರೆದುಕೊಂಡು ಬರುವಾಗ, ದಾರಿಯಲ್ಲಿಯೇ ಸಾಲ ಕೊಟ್ಟ ಸಂಸ್ಥೆಯ ಜನ ಗಾಡಿಯನ್ನು ನಿಲ್ಲಿಸಿದರು. ಮೊದಲಿನ ಮಾಲೀಕ ಕಂತು ತುಂಬಿರಲಿಲ್ಲ. ಗಾಡಿ ಅವರ ಹೆಸರಿನಲ್ಲಿ ಒತ್ತೆ ಇತ್ತು. ಕಾಕಾ ಬಾಂಡ್ ತೋರಿಸಿದರು. "ಇದು ನಿಮ್ಮಿಬ್ಬರ ನಡುವಿನ ಮಾತು, ನಮಗೆ ಸಂಬಂಧವಿಲ್ಲ" ಎಂದು ಅವರು ಗಾಡಿ ಒಯ್ದರು. ಆಯಿ ಎರಡು ತಾಸು ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಳಿತು ಬಸ್ಸಿಗೆ ಕಾದಳು. ಮನೆಗೆ ಬಂದ ಮೇಲೆ ನಾನು ಆ ಆರ್. ಸಿ. ಕಾರ್ಡನ್ನು ಮೊದಲ ಬಾರಿ ಕೈಗೆ ತೆಗೆದುಕೊಂಡು ಓದಿದೆ. ಅದರಲ್ಲಿ ಒಂದು ಸಾಲಿನಲ್ಲಿ ಸಾಲ ಕೊಟ್ಟವರ ಹೆಸರು ಸ್ಪಷ್ಟವಾಗಿ ಅಚ್ಚಾಗಿತ್ತು. ಐದು ತಿಂಗಳು ಆ ಸಾಲು ನಮ್ಮ ದೇವರ ಜಗಲಿಯ ಮೇಲೆಯೇ ಇತ್ತು.

ಇರಲಿ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವಿಲ್ಲ. ಆದರೆ ಮುಂದಿನ ಕೊಳ್ಳೆಯನ್ನಾದರೂ ತಪ್ಪಿಸಬಹುದಷ್ಟೆ. ಅಂದಿನಿಂದ ನಾನು ಈ ವಿಷಯವನ್ನು ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿದೆನು.

ಕಾಯಿದೆಯು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಮೋಟಾರು ವಾಹನಗಳಿಗೆ ಕಾಯಿದೆ ಬಂದುದು 1914 ರಲ್ಲಿ. ಮುಂದೆ 1939 ರ ಕಾಯಿದೆ ಬಂತು. ಈಗ ನಡೆಯುತ್ತಿರುವುದು 1988 ರ ಕಾಯಿದೆ; ಅದು 1989 ರ ಜುಲೈ 1 ರಿಂದ ಜಾರಿಗೆ ಬಂತು. ವಾಹನವು ರಸ್ತೆಯ ಮೇಲೆ ಓಡಲು ಯೋಗ್ಯವಾಗಿದೆ ಎಂದು ಸರ್ಕಾರವು ಕೊಡುವ ಪತ್ರಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ಎನ್ನುತ್ತಾರೆ. ನಮ್ಮ ಕಡೆ ಅದಕ್ಕೆ 'ಪಾಸಿಂಗ್' ಎಂಬುದೇ ರೂಢಿಯ ಮಾತು.

ಇಲ್ಲಿ ವಾಚಕರು ಒಂದು ಭೇದವನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬಾಡಿಗೆಯ ಗಾಡಿ, ಅಂದರೆ ಹಳದಿ ಬೋರ್ಡಿನದು, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಪಾಸಿಂಗಿಗೆ ಹೋಗಬೇಕು. ಮನೆಯ ಬಳಕೆಯ ಕಾರಿಗೆ, ಅಂದರೆ ಬಿಳಿ ಬೋರ್ಡಿನದಕ್ಕೆ, ಹಾಗಿಲ್ಲ. ಅದರ ನೋಂದಣಿ ಒಮ್ಮೆ ಆಯಿತೆಂದರೆ 15 ವರ್ಷ ನಡೆಯುತ್ತದೆ. ಹದಿನೈದು ತುಂಬಿದ ಮೇಲೆ ಆರ್. ಟಿ. ಓ. ಕಚೇರಿಗೆ ಗಾಡಿ ಒಯ್ದು, ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. 2022 ರ ಏಪ್ರಿಲ್ 1 ರಿಂದ ಈ ನವೀಕರಣದ ಶುಲ್ಕವನ್ನು ಕಾರಿಗೆ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿದರು.

ಇದರ ಅರ್ಥವೇನು? ಮನೆಯ ಕಾರನ್ನು ಹದಿನೈದು ವರ್ಷದ ತನಕ ಸರ್ಕಾರದ ಯಾವ ಅಧಿಕಾರಿಯೂ ಕ್ರಮವಾಗಿ ತಪಾಸಣೆ ಮಾಡುವುದಿಲ್ಲ. ಆದರೂ ಆರ್. ಸಿ. ಯಲ್ಲಿ ಪಾಸಿಂಗಿನ ಅವಧಿ ಎಂದು ಒಂದು ತಾರೀಖು ಇರುತ್ತದೆ. ನಾನು ಮೊದಲು ನೋಡಿದ ಕಾರಿನ ನಂಬರನ್ನು ಫೋನಿನಲ್ಲಿ ಹಾಕಿದಾಗ ಆ ತಾರೀಖು 2030 ಎಂದು ಬಂತು. ನಾನು ಬಹಳ ಹೆಮ್ಮೆಯಿಂದ ಅಪ್ಪನಿಗೆ, "ಪಾಸಿಂಗ್ 2030 ರ ತನಕ ಅದ ಅಪ್ಪಾ, ಸರ್ಕಾರ ನೋಡಿ ಬಿಟ್ಟದ" ಎಂದೆ. ಪಕ್ಕದಲ್ಲಿದ್ದ ಗ್ಯಾರೇಜಿನ ಮಿಸ್ತ್ರಿ ನಕ್ಕು, "ತಂಗೀ, ಸರ್ಕಾರ ನೋಡಿದ್ದು ಗಾಡಿ ಹೊಸಾದಿದ್ದಾಗ. ಆಮ್ಯಾಲ ಅದು ಬಾವ್ಯಾಗ ಬಿದ್ದು ಎದ್ದು ಬಂದಿದ್ರೂ ಆ ತಾರೀಖು ಹಂಗೇ ಇರತದ" ಎಂದರು. ನನಗೆ ನಾಚಿಕೆಯಾಯಿತು. ಆದರೆ ಅದೇ ಮಾತು ಈ ವಿಷಯದ ಬೀಗದ ಕೈಯಾಯಿತು. ಆ ತಾರೀಖು ಗಾಡಿಯ ವಯಸ್ಸನ್ನು ಹೇಳುತ್ತದೆ, ಆರೋಗ್ಯವನ್ನು ಹೇಳುವುದಿಲ್ಲ.

ಬೇರೆ ದೇಶಗಳಲ್ಲಿ ಹೀಗಿಲ್ಲ. ಇಂಗ್ಲೆಂಡಿನಲ್ಲಿ ಎಂ. ಓ. ಟಿ. ಎಂಬ ತಪಾಸಣೆ 1960 ರಲ್ಲಿ ಆರಂಭವಾಯಿತು. ಮೊದಲು ಹತ್ತು ವರ್ಷದ ಗಾಡಿಗಳಿಗೆ ಮಾತ್ರ ಇದ್ದುದು 1967 ರಿಂದ ಮೂರು ವರ್ಷದ ಗಾಡಿಗೂ ಬಂತು, ಆಮೇಲೆ ಪ್ರತಿವರ್ಷ. ಅಲ್ಲಿ ಯಾರು ಬೇಕಾದರೂ ಗಾಡಿಯ ನಂಬರು ಹಾಕಿ, ಅದು ಯಾವ ವರ್ಷ ಪಾಸಾಯಿತು, ಯಾವ ವರ್ಷ ನಪಾಸಾಯಿತು, ಆಗ ಎಷ್ಟು ಮೈಲು ಓಡಿತ್ತು ಎಂಬುದನ್ನು ಬಿಟ್ಟಿಯಾಗಿ ನೋಡಬಹುದು. ಜಪಾನಿನಲ್ಲಿ ಹೊಸ ಕಾರಿಗೆ ಮೂರನೆಯ ವರ್ಷ, ಆಮೇಲೆ ಎರಡು ವರ್ಷಕ್ಕೊಮ್ಮೆ ತಪಾಸಣೆ; ಜರ್ಮನಿಯಲ್ಲಿಯೂ ಹೀಗೆಯೇ. ಅಲ್ಲಿ ಕೊಳ್ಳುವವನಿಗೆ ಗಾಡಿಯ ಚರಿತ್ರೆಯು ಒಂದೇ ಪುಟದಲ್ಲಿ ಸಿಗುತ್ತದೆ. ನಮ್ಮಲ್ಲಿ ಯಂತ್ರಗಳಿಂದಲೇ ತಪಾಸಣೆ ಮಾಡುವ ಕೇಂದ್ರಗಳಿಗೆ 2021 ರಲ್ಲಿ ನಿಯಮಗಳು ಬಂದವು. ಆದರೆ ಮನೆಯ ಕಾರಿನ ಮಟ್ಟಿಗೆ ಹದಿನೈದು ವರ್ಷದ ಈ ಬಯಲು ಹಾಗೆಯೇ ಉಳಿದಿದೆ. ಆದ್ದರಿಂದ ಇಲ್ಲಿ ಕೊಳ್ಳುವವನು ಚರಿತ್ರೆಯನ್ನು ತಾನೇ ಕೂಡಿಸಬೇಕು. ಶಿಲಾಶಾಸನ, ತಾಮ್ರಪಟ, ನಾಣ್ಯ ಇವುಗಳನ್ನು ಹೊಂದಿಸಿ ರಾಜವಂಶದ ಚರಿತ್ರೆ ಬರೆಯುತ್ತಾರೆಂದು ನಾವು ತರಗತಿಯಲ್ಲಿ ಓದುತ್ತೇವಷ್ಟೆ. ಇದೂ ಅದೇ ಬಗೆಯ ಕೆಲಸ. ಒಂದೇ ಆಧಾರವನ್ನು ನಂಬಬಾರದು. ಒಂದನ್ನು ಇನ್ನೊಂದಕ್ಕೆ ಹೊಂದಿಸಿ ನೋಡಬೇಕು.

ಆಧಾರಗಳು ಯಾವುವು?

ಮೊದಲನೆಯದು ಆರ್. ಸಿ. ಮತ್ತು ಸರ್ಕಾರದ ದಫ್ತರು. ಕೇಂದ್ರ ಸರ್ಕಾರದ 'ವಾಹನ್' ಎಂಬ ದಫ್ತರಿನಲ್ಲಿರುವ ವಿವರವನ್ನು 'ಎಂಪರಿವಾಹನ್' ಎಂಬ ಆ್ಯಪಿನಲ್ಲಿ ನಂಬರು ಹಾಕಿ ನೋಡಬಹುದು. ನೋಂದಣಿಯ ದಿನ, ಗಾಡಿಯ ವರ್ಗ, ಇಂಧನ, ವಿಮೆ ಎಂದಿನವರೆಗೆ, ಹೊಗೆ ತಪಾಸಣೆ ಎಂದಿನವರೆಗೆ ಎಂಬಿವು ಅಲ್ಲಿ ಬರುತ್ತವೆ. ಕೈಯಲ್ಲಿರುವ ಕಾರ್ಡು ಒಂದು ಹೇಳಿ ದಫ್ತರು ಇನ್ನೊಂದು ಹೇಳಿದರೆ ಅಲ್ಲಿಗೇ ಕೈ ಮುಗಿದು ಎದ್ದು ಬರಬೇಕು. ಸಾಲದ ಸಾಲನ್ನು ಮರೆಯದೆ ಓದಬೇಕು. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಸಾಲ ಕೊಟ್ಟವರು ಫಾರ್ಮ್ 35 ಕ್ಕೆ ಸಹಿ ಮಾಡಿ, ಆರ್. ಟಿ. ಓ. ದಫ್ತರಿನಿಂದ ಒತ್ತೆಯ ಗುರುತು ತೆಗೆದಿರಬೇಕು. ನಮ್ಮ ಕಾಕಾನ 1,85,000 ರೂಪಾಯಿ ಹೋದುದು ಈ ಒಂದು ಹಾಳೆಯ ಅಭಾವದಿಂದ.

ಎರಡನೆಯದು ಚಾಸಿಸ್ ನಂಬರು. ಇದು ಗಾಡಿಯ ಮೈಮೇಲೆ ಕೊರೆದ ಹಚ್ಚೆ. ಈಗಿನ ಕಾರುಗಳಲ್ಲಿ ಇದು 17 ಅಕ್ಷರ-ಅಂಕಿಗಳದ್ದಾಗಿರುತ್ತದೆ. ಸೊನ್ನೆ ಮತ್ತು ಒಂದರೊಡನೆ ಗೊಂದಲವಾಗಬಾರದೆಂದು ಇಂಗ್ಲಿಷಿನ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಇದರಲ್ಲಿ ಬಳಸುವುದೇ ಇಲ್ಲ. ತೆಳುವಾದ ಕಾಗದವನ್ನು ಅದರ ಮೇಲೆ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಚ್ಚು ಮೂಡುತ್ತದೆ. ಹೆಸರು ಬದಲಾಯಿಸುವ ಫಾರ್ಮಿಗೂ ಈ ಅಚ್ಚು ಬೇಕಾಗುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ತೆಗೆದುಕೊಂಡು ಆರ್. ಸಿ. ಯೊಡನೆ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಬೇಕು. ಅಂಕಿಗಳ ಸುತ್ತ ಉಜ್ಜಿದ ಅಥವಾ ಬೆಸುಗೆ ಹಾಕಿದ ಗುರುತಿದ್ದರೆ ಅದು ಕಳವಿನ ಗಾಡಿ ಇದ್ದೀತು. ಕಳವಾದ ಗಾಡಿಗಳ ಪಟ್ಟಿಯಲ್ಲಿ ಇದು ಉಂಟೋ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಅಂತರ್ಜಾಲ ಪುಟದಲ್ಲಿ ಕೇಳಿ ನೋಡುವ ಸೌಕರ್ಯವೂ ಉಂಟು. ತುಂಬದೆ ಉಳಿದ ದಂಡವನ್ನು ಇ-ಚಲನ್ ಪುಟದಲ್ಲಿ ನೋಡಬೇಕು.

ಮೂರನೆಯದು ವಿಮೆಯ ಕಾಗದ. ಇದನ್ನು ಬಹುಜನರು ತಾರೀಖು ನೋಡಿ ಮಡಚಿ ಇಡುತ್ತಾರೆ. ಅದರೊಳಗೆ ಒಂದು ಗುಟ್ಟು ಉಂಟು. ಅಪಘಾತದ ಪರಿಹಾರ ಕೇಳದೆ ಒಂದು ವರ್ಷ ಕಳೆದರೆ ಮಾಲೀಕನಿಗೆ ಮುಂದಿನ ಕಂತಿನಲ್ಲಿ 20 ಪ್ರತಿಶತ ರಿಯಾಯಿತಿ ಸಿಗುತ್ತದೆ. ಹಾಗೆಯೇ ಮುಂದೆ 25, 35, 45, ಐದು ವರ್ಷಕ್ಕೆ 50. ಪರಿಹಾರ ಕೇಳಿದರೆ ಅದು ಸೊನ್ನೆಗೆ ಇಳಿಯುತ್ತದೆ. ಎಂಟು ವರ್ಷದ ಗಾಡಿ, ಮಾಲೀಕ ಒಬ್ಬನೇ, "ಒಂದು ಗೀರೂ ಬಿದ್ದಿಲ್ಲ" ಎಂಬ ಮಾತು, ಆದರೆ ರಿಯಾಯಿತಿ ಸೊನ್ನೆ ಎಂದಿದ್ದರೆ ಏನೋ ನಡೆದಿದೆ. ಒಂದೋ ಪರಿಹಾರ ಕೇಳಿದ್ದಾರೆ, ಇಲ್ಲವೆ ವಿಮೆ ತುಂಬದೆ ಬಹಳ ದಿನ ಬಿಟ್ಟಿದ್ದಾರೆ. ಎರಡನ್ನೂ ಕೇಳಿ ತಿಳಿಯಬೇಕು. ಈ ರಿಯಾಯಿತಿಯು ಮಾಲೀಕನದು, ಗಾಡಿಯದಲ್ಲ. ಕೊಂಡವನಿಗೆ ಅದು ಬರುವುದಿಲ್ಲ ಎಂಬುದೂ ತಿಳಿದಿರಲಿ.

ನಾಲ್ಕನೆಯದು ಹೊಗೆ ತಪಾಸಣೆಯ ಪತ್ರ. ಇದಕ್ಕೂ ಪಿ. ಯು. ಸಿ. ಎಂದೇ ಹೆಸರು. ನಾವು ಪಾಸಾದ ಪಿ. ಯು. ಸಿ. ಜೀವಮಾನಕ್ಕೆ ಒಂದೇ ಸಲ. ಗಾಡಿ ಪಾಪ, ಮತ್ತೆ ಮತ್ತೆ ಕೂಡ್ರಬೇಕು. ಹೊಸ ಗಾಡಿಗೆ ಮೊದಲ ವರ್ಷ ಬೇಡ. ಆಮೇಲೆ ಬಿ. ಎಸ್. 4 ಮತ್ತು ಬಿ. ಎಸ್. 6 ಮಾದರಿಯ ಗಾಡಿಗಳಿಗೆ 12 ತಿಂಗಳಿಗೊಮ್ಮೆ, ಅದಕ್ಕಿಂತ ಹಳೆಯವಕ್ಕೆ 6 ತಿಂಗಳಿಗೊಮ್ಮೆ. ಇದು ಬ್ರೇಕು, ಸ್ಟೇರಿಂಗುಗಳನ್ನು ನೋಡುವ ತಪಾಸಣೆಯಲ್ಲ. ಆದರೂ ಒಬ್ಬ ಮಾಲೀಕನು ಕಡಿಮೆ ಖರ್ಚಿನ ಈ ಕೆಲಸವನ್ನೂ ವರ್ಷಗಟ್ಟಲೆ ಬಿಟ್ಟಿದ್ದರೆ, ಹೆಚ್ಚು ಖರ್ಚಿನ ಎಣ್ಣೆ-ಬ್ರೇಕುಗಳನ್ನು ಕಾಲಕಾಲಕ್ಕೆ ಮಾಡಿಸಿರಲಿಕ್ಕಿಲ್ಲ ಎಂದು ಊಹಿಸಬಹುದು.

ಐದನೆಯದು ಸರ್ವಿಸಿನ ಬಿಲ್ಲುಗಳು. ನನ್ನ ಮತದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದೇ. ಪ್ರತಿ ಬಿಲ್ಲಿನಲ್ಲಿಯೂ ತಾರೀಖು ಮತ್ತು ಅಂದು ಗಾಡಿ ಓಡಿದ್ದ ಕಿಲೋಮೀಟರು ಇರುತ್ತವೆ. ಗಾಡಿಯ ಮೀಟರನ್ನು ತಿರುಗಿಸಬಹುದು. ಐದು ವರ್ಷದ ಹಿಂದಿನ ಬಿಲ್ಲನ್ನು ತಿರುಗಿಸಲಾಗದು. ಬಿಲ್ಲುಗಳನ್ನು ತಾರೀಖಿನ ಕ್ರಮದಲ್ಲಿ ಇಟ್ಟರೆ ಕಿಲೋಮೀಟರುಗಳು ಏರುತ್ತಲೇ ಹೋಗಬೇಕು. ಎಲ್ಲಿಯಾದರೂ ಇಳಿದರೆ ಯಾರೋ ಕೈ ಆಡಿಸಿದ್ದಾರೆ.

ಆರನೆಯದು ಗಾಡಿಯ ಮೈ. ಟಾಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3519 ಎಂದಿದ್ದರೆ 2019 ರ 35 ನೆಯ ವಾರದಲ್ಲಿ ತಯಾರಾದದ್ದು. "ಗಾಡಿ ಬರೇ ಇಪ್ಪತ್ತು ಸಾವಿರ ಓಡ್ಯದ" ಎನ್ನುವವನ ಗಾಡಿಗೆ ನಾಲ್ಕೂ ಟಾಯರು ಬದಲಾಗಿದ್ದರೆ ಯಾಕೆಂದು ಕೇಳಬೇಕು. ನಮ್ಮ ಭೀಮಾತೀರದವರಿಗೆ ಇನ್ನೊಂದು ಪರೀಕ್ಷೆ ಅವಶ್ಯ. 2020 ರ ಅಕ್ಟೋಬರದಲ್ಲಿ ಭೀಮೆಗೆ ಮಹಾಪೂರ ಬಂದುದನ್ನು ನಾವಾರೂ ಮರೆತಿಲ್ಲ. ಅಂತಹ ನೆರೆಯಲ್ಲಿ ನಿಂತ ಗಾಡಿಗಳೂ ಮುಂದೆ ತೊಳೆದು, ಬಣ್ಣ ಬಳಿದು ಪೇಟೆಗೆ ಬರುತ್ತವೆ. ಸೀಟಿನ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಬೇಕು. ತೊಳೆಯುವವನ ಕೈ ಅಲ್ಲಿಗೆ ಹೋಗಿರುವುದಿಲ್ಲ, ಕೆಸರಿನ ಕಲೆ ಅಲ್ಲಿ ಉಳಿದಿರುತ್ತದೆ. ಕಾಲಡಿಯ ಚಾಪೆ ಎತ್ತಿ, ಸೀಟಿನ ಕೆಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿದೆಯೋ ನೋಡಬೇಕು. ಉಳಿದುದನ್ನು ಬಲ್ಲ ಮಿಸ್ತ್ರಿಗೆ ಬಿಡಬೇಕು. ಆ ಮಿಸ್ತ್ರಿ ಮಾರುವವನ ಕಡೆಯವನಾಗಿರಬಾರದು.

ಹೊಳೆಯ ಆಚೆಯ ಗಾಡಿ

ಚಡಚಣವು ಗಡಿಯ ಊರು. ಇಂಡಿ ತಾಲೂಕಿನಲ್ಲಿದ್ದ ನಮ್ಮ ಊರು 2018 ರಲ್ಲಿ ತಾಲೂಕು ಸ್ಥಳವಾಯಿತು. ಆದರೆ ಪೇಟೆಗೂ ದವಾಖಾನೆಗೂ ನಮಗೆ ಇಂದಿಗೂ ಸೋಲಾಪುರವೇ ಆಧಾರ. ಆದ್ದರಿಂದ ಎಂ. ಎಚ್. 13 ರ ಗಾಡಿಗಳು ನಮ್ಮಲ್ಲಿ ಬಹಳ ಮಾರಾಟಕ್ಕೆ ಬರುತ್ತವೆ. ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಆದರೆ ನಂಬರು ಕೆ. ಎ. 28 ಆಗುವ ತನಕದ ಖರ್ಚನ್ನು ಮೊದಲೇ ಲೆಕ್ಕ ಹಿಡಿಯಬೇಕು. ಅಲ್ಲಿಯ ಆರ್. ಟಿ. ಓ. ದಿಂದ ಫಾರ್ಮ್ 28 ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್. ಓ. ಸಿ., ತರಬೇಕು. ಗಾಡಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯಿಲ್ಲದೆ ಅದು ದೊರೆಯದು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟ ಗಾಡಿಗೆ ಅಲ್ಲಿಯ ಹೊಸ ನಂಬರು ಪಡೆಯಬೇಕೆಂದು ಕಾಯಿದೆಯ 47 ನೆಯ ಕಲಮು ಹೇಳುತ್ತದೆ. ಮಹಾರಾಷ್ಟ್ರದಲ್ಲಿ ತುಂಬಿದ ತೆರಿಗೆ ಇಲ್ಲಿ ನಡೆಯದು. ಇಲ್ಲಿ ಬೇರೆಯೇ ತುಂಬಬೇಕು. ಅಗ್ಗವೆಂದು ತಂದ ಗಾಡಿ ಕೊನೆಗೆ ಅಗ್ಗವಾಗಿ ಉಳಿಯದು.

ಇನ್ನು ಬಾಂಡಿನ ಮಾತು. ನಮ್ಮ ಕಡೆ ಗಾಡಿಗಳು ಬಾಂಡಿನ ಮೇಲೆಯೇ ಮೂರು-ನಾಲ್ಕು ಕೈ ದಾಟುತ್ತವೆ, ಆರ್. ಸಿ. ಮಾತ್ರ ಮೊದಲಿನವನ ಹೆಸರಿನಲ್ಲಿಯೇ ಉಳಿಯುತ್ತದೆ. ಇದು ಕೊಂಡವನಿಗೂ ಗಂಡಾಂತರ, ಮಾರಿದವನಿಗೂ ಗಂಡಾಂತರ. 2018 ರ ಫೆಬ್ರುವರಿಯಲ್ಲಿ ನವೀನಕುಮಾರ ಮತ್ತು ವಿಜಯಕುಮಾರ ಎಂಬವರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಇದನ್ನು ತೀರ್ಮಾನಿಸಿತು. ಅಲ್ಲಿ ಕಾರು ಹಲವರ ಕೈ ದಾಟಿತ್ತು, ದಫ್ತರಿನಲ್ಲಿ ಹೆಸರು ಬದಲಾಗಿರಲಿಲ್ಲ, ಅಪಘಾತವಾಯಿತು. ದಫ್ತರಿನಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಕೋರ್ಟು ಹೇಳಿತು. ಹಾಗಾದರೆ ಗಾಡಿ ಮಾರಿ, ಹಣ ಎಣಿಸಿ, ಮರೆತು ಕುಳಿತವನ ಮನೆಗೆ ವರ್ಷಗಳ ಮೇಲೆ ನೋಟೀಸು ಬರಬಹುದು. ಫಾರ್ಮ್ 29 ಮಾರಿದವನು ಕೊಡುವ ತಿಳಿವಳಿಕೆ. ಫಾರ್ಮ್ 30 ಹೆಸರು ಬದಲಾವಣೆಯ ಅರ್ಜಿ. ಒಂದೇ ರಾಜ್ಯದೊಳಗಾದರೆ ಮಾರಿದವನು 14 ದಿನಗಳಲ್ಲಿ, ಬೇರೆ ರಾಜ್ಯಕ್ಕಾದರೆ 45 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಕಚೇರಿಗೆ ತಿಳಿಸಬೇಕು. ವಿಮೆಯನ್ನೂ 14 ದಿನಗಳಲ್ಲಿ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನು ಅರ್ಜಿ ಕೊಡತಕ್ಕದ್ದು.

ನಮ್ಮ ಎರಡನೆಯ ಖರೀದಿ

ಕಳೆದ ದೀಪಾವಳಿಯ ಮುಂದೆ ಅಪ್ಪ ಮತ್ತೆ ಕಾರಿನ ಮಾತು ತೆಗೆದರು. ಆಯಿಗೆ ಈಗ ವಾರಕ್ಕೊಮ್ಮೆ ಸೋಲಾಪುರಕ್ಕೆ ಹೋಗಬೇಕು. ಬಸ್ಸು ಹತ್ತುವ ಶಕ್ತಿ ಅವಳಿಗಿಲ್ಲ. ಕಾಕಾ ಮಾತ್ರ ಆ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಒಂದು ದಿನ ಅಪ್ಪ ನನ್ನನ್ನು ಕರೆದು, "ಯವ್ವಾ, ಎತ್ತಿನ ಹಲ್ಲು ನಾ ನೋಡತೀನಿ. ಇದರ ಹಲ್ಲು ನೀ ನೋಡು" ಎಂದರು. ಮೂರು ವರ್ಷದ ಹಿಂದೆ ಚಹಾ ಸೋಸುತ್ತಿದ್ದವಳಿಗೆ ಈ ಮಾತು ಸಣ್ಣದಲ್ಲ.

ಮೊದಲನೆಯ ಕಾರು ನಾನು ಮೇಲೆ ಹೇಳಿದ 2030 ರದು. ಮೀಟರು 58,000 ಕಿಲೋಮೀಟರು ತೋರಿಸುತ್ತಿತ್ತು. ಮುಂದಿನ ಡಬ್ಬಿಯಲ್ಲಿ ಹಳೆಯ ಕಾಗದಗಳ ನಡುವೆ 2020 ರ ಒಂದು ಗ್ಯಾರೇಜಿನ ಬಿಲ್ಲು ಸಿಕ್ಕಿತು. ಅದರಲ್ಲಿ 71,400 ಎಂದಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಮಾರಲು ಬಂದವರು, "ಹುಡುಗಿಗಿ ಏನ್ ತಿಳೀತದರಿ, ಅದು ಬ್ಯಾರೆ ಗಾಡಿದು" ಎಂದರು. ಬಿಲ್ಲಿನ ಮೇಲೆ ಇದೇ ನಂಬರು ಇತ್ತು. ಅಪ್ಪ ಬಿಲ್ಲನ್ನು ಮಡಚಿ ಡಬ್ಬಿಯಲ್ಲಿಟ್ಟು, "ಬಾಯಿಗೂಡಿದ ಎತ್ತಿಗೆ ನಾಕು ಹಲ್ಲು ಅಂತ ಹೇಳಿದಂಗಾತು" ಎಂದು ಎದ್ದರು. ಎರಡನೆಯದು ಹೊಳೆಯ ದಂಡೆಯ ಊರಿನದು. ಬೆಲ್ಟು ಎಳೆದಾಗ ಮಾರುದ್ದದ ಮೇಲೆ ಮಣ್ಣಿನ ಗೆರೆ ಕಂಡಿತು. ಅಪ್ಪ ಬೆರಳಿನಿಂದ ಉಜ್ಜಿ ನೋಡಿ, ಭೀಮೆಯ ಮಣ್ಣೆಂದು ಹೇಳಿದರು. ಆ ವಿಷಯದಲ್ಲಿ ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮೂರನೆಯದು ನಿವೃತ್ತರಾದ ಒಬ್ಬ ಗುರುಗಳದು. 2014 ರದು, ಕೆ. ಎ. 28. ನೋಡಲು ಏನೂ ಚೆಂದವಿಲ್ಲ. ಬಣ್ಣ ಮಾಸಿತ್ತು, ಎಡಬಾಗಿಲಿಗೆ ಗೀರು ಇತ್ತು. ಕೇಳುವ ಮೊದಲೇ ಅವರು, "ಗೇಟಿಗೆ ತಾಗಿಸಿದ್ದು ನಾನೇ" ಎಂದರು. ಹನ್ನೊಂದು ವರ್ಷದ ಬಿಲ್ಲುಗಳನ್ನು ದಾರದಿಂದ ಕಟ್ಟಿ ಇಟ್ಟಿದ್ದರು. ನಾನು ಒಂದೊಂದಾಗಿ ಓದಿದೆ. ಅಂಕಿಗಳು ಏರುತ್ತಲೇ ಬಂದು 63,000 ಕ್ಕೆ ನಿಂತವು. ಮೀಟರಿನಲ್ಲಿಯೂ ಅಷ್ಟೇ ಇತ್ತು. ವಿಮೆಯಲ್ಲಿ 50 ಪ್ರತಿಶತ ರಿಯಾಯಿತಿ. ಸಾಲವಿಲ್ಲ. ಪೆನ್ಸಿಲಿನ ಅಚ್ಚು ಹೊಂದಿತು. 2029 ರಲ್ಲಿ ಪಾಸಿಂಗಿಗೆ ಒಯ್ಯಬೇಕಾಗುವುದು, ಆ ಖರ್ಚು ನಮ್ಮದು ಎಂದು ನಾನು ಅಪ್ಪನಿಗೆ ಹೇಳಿದೆ. ಬೆಲೆಯಲ್ಲಿ ಅದನ್ನು ಹಿಡಿದು 2,40,000 ಕ್ಕೆ ಮಾತಾಯಿತು. ಅದರಲ್ಲಿ 40,000 ರೂಪಾಯಿಗಳನ್ನು, ದಫ್ತರಿನಲ್ಲಿ ಅಪ್ಪನ ಹೆಸರು ಬಂದ ಮೇಲೆ ಕೊಡುವುದೆಂದು ಇಟ್ಟುಕೊಂಡೆವು. ಗುರುಗಳು ಬೇಸರ ಮಾಡಿಕೊಳ್ಳಲಿಲ್ಲ. "ಹೀಗೇ ಇರಬೇಕು" ಎಂದರು.

ವಿಜಯಪುರದ ಕಚೇರಿಯ ಕೆಲಸ ಮುಗಿದು ಆರ್. ಸಿ. ಬಂದ ದಿನ ಅದನ್ನು ದೇವರ ಮುಂದೆ ಇಡುವ ಮೊದಲು ಕಾಕಾ ನನ್ನ ಕೈಗೆ ಕೊಟ್ಟು, "ಎಲ್ಲಾ ಸಾಲು ಓದು" ಎಂದರು. ನಾನು ಮೊದಲಿನಿಂದ ಕೊನೆಯ ತನಕ ಓದಿದೆ. ಸಾಲ ಕೊಟ್ಟವರ ಸಾಲಿಗೆ ಬಂದಾಗ, ಅಲ್ಲಿ ಏನೂ ಇಲ್ಲವೆಂದು ಹೇಳಿದೆ. "ಇನ್ನೊಮ್ಮೆ ನೋಡು" ಎಂದರು. ಇನ್ನೊಮ್ಮೆ ನೋಡಿ ಹೇಳಿದೆ. ಮರುದಿನ ಆಯಿಯನ್ನು ಸೋಲಾಪುರಕ್ಕೆ ಅವರೇ ಕರೆದುಕೊಂಡು ಹೋದರು.

ಓದುಗರೆ, ನಮ್ಮಲ್ಲಿ ಅನೇಕರು ಪದವಿಯು ನೌಕರಿಗೆ ಮಾತ್ರ ಎಂದು ತಿಳಿದಿದ್ದೇವೆ. ನೌಕರಿ ದೊರೆಯಲಿ, ಬಿಡಲಿ, ಮನೆಗೆ ಬಂದ ಕಾಗದವನ್ನು ಹಣ ಕೊಡುವ ಮೊದಲು ಕೈಗೆ ತೆಗೆದುಕೊಂಡು ಕೊನೆಯ ಸಾಲಿನವರೆಗೆ ಓದುವುದು ಓದಿದವರ ಮೊದಲ ಕರ್ತವ್ಯವಾಗಿದೆ. ಹಿರಿಯರು ಕರೆಯದಿದ್ದರೆ ನಾವೇ ಹೋಗಿ ಕೇಳಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಳೆಯುವುದೆಲ್ಲ ಹೊಸ ಗಾಡಿಯಲ್ಲ. ಈ ಲೇಖನದಲ್ಲಿ ಕೊರತೆಗಳಿದ್ದರೆ ಬಲ್ಲವರು ತಿದ್ದಿ ತಿಳಿಸಬೇಕಾಗಿ ಬೇಡಿಕೊಳ್ಳುತ್ತೇನೆ.